‘ಅಕ್ಕೋರೇ, ಪಟ್ಟಿ ಮನೆಯಲ್ಲೇ ಉಳಿಯಿತು’

(ಪ್ರೌಢಶಾಲೆಗೆ ಹೊಸದಾಗಿ ಸೇರಿದ ಮಕ್ಕಳ ಪಾಲಕರಿಗೂ ಶಿಕ್ಷಕರಿಗೂ ಶಿರಸಿಯಲ್ಲಿ ಜೂನ್ ತಿಂಗಳು ಏರ್ಪಡಿಸಿದ್ದ ಸಭೆಯಲ್ಲಿ, ಡಿಸ್‌ಪ್ರಾಕ್ಸಿಯಾ ಎಂಬ ತೊಂದರೆಯಿರುವ ಮಕ್ಕಳ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ತಗಡಿನ ಮಾಡಿನ ಮೇಲೆ ಮಳೆ ಹೀಗೆ ಹೊಡೆಯುತ್ತಿರುವಾಗ ಹಿಂದೆ ಕುಳಿತವರಿಗೆ ನನ್ನ ಮಾತು ಕೇಳಿಸದೇ ಹೋಗಬಹುದು; ಕೇಳಿಸದಿದ್ದರೆ ಸಂಕೋಚ ಬೇಡ, ಮುಂದೆ ಬನ್ನಿ.

ಏಳನೆಯ ತರಗತಿ ಮುಗಿಸಿ ಎಂಟಕ್ಕೆ ಬಂದ ಮಗುವಿಗೆ ಒಂದೇ ಬೇಸಿಗೆ ರಜೆಯಲ್ಲಿ ಏನೆಲ್ಲ ಬದಲಾಯಿತು ಎಂದು ದೊಡ್ಡವರಾದ ನಾವು ಕುಳಿತು ಲೆಕ್ಕ ಹಾಕುವುದು ಕಡಿಮೆ. ಊರಿನ ಶಾಲೆಯಲ್ಲಿ ಹೆಚ್ಚುಕಡಿಮೆ ಒಂದೇ ಕೋಣೆ, ಒಬ್ಬರೋ ಇಬ್ಬರೋ ಅಕ್ಕೋರು. ಮಗು ಏನು ಮರೆಯುತ್ತದೆ, ಎಲ್ಲಿ ತಡವರಿಸುತ್ತದೆ ಎಂಬುದು ಅವರಿಗೆ ಬಾಯಿಪಾಠ. ಪ್ರೌಢಶಾಲೆಯಲ್ಲಿ ಮೂರು ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ, ಒಂದೊಂದಕ್ಕೆ ಒಬ್ಬೊಬ್ಬರು. ಗಂಟೆ ಹೊಡೆದರೆ ಪುಸ್ತಕ ಬದಲಾಗಬೇಕು. ಮನೆಗೆಲಸ ಕೊಡುವವರು ಆರು ಜನ, ಆರೂ ಜನ ಒಬ್ಬರೊಡನೊಬ್ಬರು ಮಾತಾಡಿಕೊಂಡು ಕೊಡುವುದಿಲ್ಲ. ಇದರ ಮೇಲೆ ಬಸ್ಸು, ಪಾಸು, ಕೊಡೆ. ಬಹುಪಾಲು ಮಕ್ಕಳು ದೀಪಾವಳಿಯ ಹೊತ್ತಿಗೆ ಇದಕ್ಕೆ ಹೊಂದಿಕೊಳ್ಳುತ್ತಾರೆ. ಹೊಂದಿಕೊಳ್ಳಲಾಗದ ಕೆಲವರಿಗೆ ಆ ಹೊತ್ತಿಗೆ ‘ಬೇಜವಾಬ್ದಾರಿ’ ಎಂಬ ಬಿರುದು ಖಾಯಂ ಆಗಿರುತ್ತದೆ. ಇಂದು ಮಾತಾಡುತ್ತಿರುವುದು ಅವರಲ್ಲಿ ಒಂದು ಬಗೆಯ ಮಕ್ಕಳ ಬಗ್ಗೆ.

ಈ ಮಕ್ಕಳ ತೊಂದರೆಗೆ ಡಿಸ್‌ಪ್ರಾಕ್ಸಿಯಾ ಎಂಬುದು ಬಳಕೆಯ ಹೆಸರು. ವೈದ್ಯರು ಡೆವಲಪ್‌ಮೆಂಟಲ್ ಕೋಆರ್ಡಿನೇಷನ್ ಡಿಸಾರ್ಡರ್ ಎಂದು ಬರೆಯುತ್ತಾರೆ. ಕೈಕಾಲುಗಳಲ್ಲಿ ಶಕ್ತಿ ಇರುತ್ತದೆ, ಬುದ್ಧಿಗೆ ಏನೂ ಕಡಿಮೆ ಇರುವುದಿಲ್ಲ. ಆದರೆ ಒಂದು ಚಲನೆಯನ್ನು ಯೋಜಿಸಿ, ಹಂತಹಂತವಾಗಿ ಜೋಡಿಸಿ, ಯೋಚಿಸದೆಯೇ ಕೈಗೆ ಬರುವಂತೆ ಮಾಡಿಕೊಳ್ಳುವುದು ಕಷ್ಟ. ನೀವು ಅಂಗಿಯ ಗುಂಡಿ ಹಾಕುತ್ತ ಬಸ್ಸಿನ ಬಗ್ಗೆ ಯೋಚಿಸಬಲ್ಲಿರಿ. ಈ ಮಗುವಿಗೆ ಗುಂಡಿ ಹಾಕುವಾಗ ಗುಂಡಿಯ ಬಗ್ಗೆಯೇ ಯೋಚಿಸಬೇಕು. ಬೆಳಿಗ್ಗೆ ಏಳರಿಂದ ಹೀಗೆ ಪ್ರತಿಯೊಂದಕ್ಕೂ ಗಮನ ಖರ್ಚು ಮಾಡಿದ ಮೇಲೆ ‘ಇಂದು ಬುಧವಾರ, ಹಿಂದಿ ಪಟ್ಟಿ (ನೋಟ್‌ಬುಕ್) ಒಯ್ಯಬೇಕು’ ಎಂಬುದಕ್ಕೆ ತಲೆಯಲ್ಲಿ ಜಾಗ ಉಳಿದಿರುವುದಿಲ್ಲ. ಸಮಯದ ಅಂದಾಜು, ಕೆಲಸಗಳ ಅನುಕ್ರಮ, ಹೇಳಿದ ಮೂರು ಮಾತುಗಳನ್ನು ಮೂರು ನಿಮಿಷ ನೆನಪಿಟ್ಟುಕೊಳ್ಳುವುದು, ಇವೂ ಈ ಮಕ್ಕಳಲ್ಲಿ ಅನೇಕರಿಗೆ ಒಲಿಯುವುದಿಲ್ಲ. ಶಾಲಾ ವಯಸ್ಸಿನ ಮಕ್ಕಳಲ್ಲಿ ಶೇಕಡಾ 5ರಿಂದ 6ರಷ್ಟು ಮಂದಿಗೆ ಇದು ಇರುತ್ತದೆ ಎಂಬುದು ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯ ಅಂದಾಜು. ಅಂದರೆ ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು. ಗಮನದ ಕೊರತೆ ಅಥವಾ ಓದಿನ ತೊಂದರೆ ಇದರ ಜೊತೆಗೇ ಇರುವುದು ಸಾಮಾನ್ಯ. ‘ದೊಡ್ಡವನಾದರೆ ಸರಿಹೋಗುತ್ತದೆ’ ಎಂದು ಅಜ್ಜಿಯರು ಹೇಳುತ್ತಾರೆ. ಹಲವರಲ್ಲಿ ತಾನಾಗಿ ಹೋಗುವುದಿಲ್ಲ, ಅದರೊಡನೆ ಬದುಕುವ ದಾರಿ ಕಲಿಯಬೇಕಾಗುತ್ತದೆ.

ನಾನು ವೈದ್ಯಳಲ್ಲ, ವಿಜ್ಞಾನ ಕಲಿಸಿದವಳು. ಹಾಗಾಗಿ ಕಾಯಿಲೆಯ ವಿವರ ಇಷ್ಟಕ್ಕೇ ಸಾಕು. ಒಂದು ಎಚ್ಚರಿಕೆ ಮಾತ್ರ: ಮೊದಲು ಚೆನ್ನಾಗಿ ಮಾಡುತ್ತಿದ್ದುದನ್ನು ಮಗು ಈಗ ಮಾಡಲಾಗದೆ ಹೋಗುತ್ತಿದ್ದರೆ, ನಡಿಗೆ ಹೊಸದಾಗಿ ತಪ್ಪುತ್ತಿದ್ದರೆ, ಅದು ಬೇರೆಯೇ ವಿಷಯ. ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಕಣ್ಣನ್ನೂ ಪರೀಕ್ಷೆ ಮಾಡಿಸಿ.

ಈಗ ಪಾಟಿಚೀಲಕ್ಕೆ ಬರೋಣ. ನಾನು ಪಾಠ ಮಾಡುತ್ತಿದ್ದ ಕೋಣೆಯಲ್ಲಿ ಕಿಟಕಿ ಪಕ್ಕ ಒಬ್ಬ ಮಾಣಿ ಕೂರುತ್ತಿದ್ದ. ಗಂಟೆ ಹೊಡೆಯುತ್ತಿದ್ದಂತೆ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, ಒಂದು ಪಟ್ಟಿ ಹೊರಗೆ ತೆಗೆದು, ಮುಖಪುಟ ತೆರೆದು ನೋಡಿ, ಬೆಂಚಿನ ಮೇಲಿಟ್ಟು, ಇನ್ನೊಂದು ತೆಗೆಯುತ್ತಿದ್ದ. ನಾಲ್ಕನೆಯದೋ ಐದನೆಯದೋ ವಿಜ್ಞಾನದ್ದು. ಅಷ್ಟರಲ್ಲಿ ಮೊದಲು ತೆಗೆದವು ಜಾರಿ ಕೆಳಗೆ. ಅವನ್ನು ಎತ್ತಲು ಬಗ್ಗಿದರೆ ಕಂಪಾಸು ಪೆಟ್ಟಿಗೆಯೂ ಕೆಳಗೆ. ಎಲ್ಲ ಎತ್ತಿಟ್ಟು ತಲೆ ಮೇಲೆತ್ತಿದಾಗ ಕಪ್ಪು ಹಲಗೆಯ ಮೇಲೆ ಎರಡನೆಯ ಚಿತ್ರ. ಮೊದಲನೆಯದನ್ನು ಅಳಿಸಿ ಆಗಿದೆ. ಇದರ ಕಾರಣವನ್ನು ಹುಡುಗನಲ್ಲಿ ಹುಡುಕುವ ಮೊದಲು ಆ ಪಟ್ಟಿಗಳನ್ನು ನೋಡಿ. ಎಲ್ಲವಕ್ಕೂ ಒಂದೇ ಕಂದು ಬಣ್ಣದ ಬೈಂಡು, ಒಂದೇ ಅಳತೆ, ಒಂದೇ ಜಾಗದಲ್ಲಿ ಒಂದೇ ಬಗೆಯ ಲೇಬಲ್ಲು. ಹತ್ತು ಪಟ್ಟಿಗಳನ್ನು ಒಂದರಂತೆ ಒಂದು ಕಾಣುವಂತೆ ಮಾಡಿಕೊಟ್ಟವರು ನಾವು. ಗುರುತು ಹಿಡಿಯುತ್ತಿಲ್ಲ ಎಂದು ಬೈಯುವವರೂ ನಾವೇ.

ಕಂದು ಕಾಗದ ಕಡ್ಡಾಯವಿದ್ದರೆ ಇರಲಿ, ಬೆನ್ನಿನ ಪಟ್ಟೆಗೆ ಬಣ್ಣದ ಟೇಪು ಅಂಟಿಸಲು ಯಾರ ಅನುಮತಿಯೂ ಬೇಕಿಲ್ಲ. ವಿಜ್ಞಾನದ ಪಠ್ಯ, ಬರೆಯುವ ಪಟ್ಟಿ, ಮನೆಗೆಲಸದ ಪಟ್ಟಿ ಮೂರಕ್ಕೂ ಹಸಿರು. ಮೂರನ್ನೂ ಸೇರಿಸಿ ಅಗಲವಾದ ರಬ್ಬರ್ ಬ್ಯಾಂಡು ಹಾಕಿ ಅಥವಾ ಜಿಪ್ಪಿನ ಪಾರದರ್ಶಕ ಚೀಲದಲ್ಲಿಡಿ. ಗಂಟೆ ಹೊಡೆದಾಗ ಹೊರಗೆ ಬರಬೇಕಾದದ್ದು ಒಂದೇ ಕಟ್ಟು. ಪುಸ್ತಕಗಳ ಬೆನ್ನು ಮೇಲ್ಮುಖವಾಗಿರುವಂತೆ ಚೀಲ ತುಂಬಿದರೆ ಬಣ್ಣ ಕಣ್ಣಿಗೆ ಬೀಳುತ್ತದೆ. ಮಾಮೂಲಿಯಾಗಿ ನಾವು ತುಂಬುವುದು ತಿರುಗಾಮುರುಗಾ.

ಯಕ್ಷಗಾನದವರು ವೇಷ ಕಟ್ಟಿಕೊಳ್ಳುವ ಚೌಕಿಯ ಒಳಗೆ ಹೋಗಿ ನೋಡಿದವರಿಗೆ ನಾನು ಹೇಳುತ್ತಿರುವುದು ಬೇಗ ಹಿಡಿಸೀತು. ಮೇಳ ದಿನಕ್ಕೊಂದು ಊರಿನಲ್ಲಿ ಇಳಿಯುತ್ತದೆ, ಗದ್ದೆಯೂ ಬೇರೆ, ಗುಡಾರದ ಮೂಲೆಯೂ ಬೇರೆ. ಆದರೆ ಯಾವ ಪೆಟ್ಟಿಗೆ ಎಲ್ಲಿ, ಯಾವ ವೇಷದವರು ಎಲ್ಲಿ ಕೂರಬೇಕು ಎಂಬುದು ಬದಲಾಗುವುದಿಲ್ಲ. ಅರ್ಧ ನಿದ್ದೆಯಲ್ಲಿ ಕೈ ಚಾಚಿದರೂ ಗೆಜ್ಜೆ ಸಿಗುತ್ತದೆ. ನಿಮ್ಮ ಮಗುವಿನ ಚೀಲದೊಳಗೆ, ಮನೆಯ ಮೇಜಿನ ಮೇಲೆ, ತರಗತಿಯ ಬೆಂಚಿನಲ್ಲಿ ಅಂಥದ್ದೇ ಒಂದು ನಕ್ಷೆ ಇರಲಿ. ನೀರಿನ ಬಾಟಲಿ ಯಾವಾಗಲೂ ಹೊರಗಿನ ಎಡಜೇಬಿನಲ್ಲಿ. ಬಸ್ ಪಾಸು ದಾರಕ್ಕೆ ಕಟ್ಟಿ ಚೀಲದ ಪಟ್ಟಿಗೇ ಸಿಕ್ಕಿಸಿ. ಅಂಗಿಯ ಜೇಬಿನಲ್ಲಿಟ್ಟರೆ ಅದು ತೊಳೆಯುವ ಬಟ್ಟೆಯ ಜೊತೆ ಹೋಗುತ್ತದೆ. ಚೆಂದ ಕಾಣಲಿ ಎಂದು ವಾರಕ್ಕೊಮ್ಮೆ ಜಾಗ ಬದಲಿಸಬೇಡಿ. ನವರಾತ್ರಿಗೆ ಮನೆ ಸ್ವಚ್ಛ ಮಾಡುವಾಗಲೂ ಆ ಮೂಲೆಗೆ ಕೈ ಹಾಕಬೇಡಿ.

ಚೀಲದಲ್ಲಿ ವಸ್ತು ಕಡಿಮೆಯಾದಷ್ಟೂ ಗೊಂದಲ ಕಡಿಮೆ. ನಮ್ಮ ಶಿಕ್ಷಣ ಇಲಾಖೆ 2019ರಲ್ಲೇ ಚೀಲದ ತೂಕಕ್ಕೆ ಮಿತಿ ಹಾಕಿದೆ: 6ರಿಂದ 8ನೆಯ ತರಗತಿಗೆ 3ರಿಂದ 4 ಕಿಲೋ, 9 ಮತ್ತು 10ಕ್ಕೆ 4ರಿಂದ 5 ಕಿಲೋ. ಇಂದು ಮನೆಗೆ ಹೋಗಿ ಒಮ್ಮೆ ತೂಗಿ ನೋಡಿ. ಪಠ್ಯಪುಸ್ತಕ ಎರಡು ಭಾಗಗಳಲ್ಲಿ ಬಂದಿದ್ದರೆ ಎರಡನೆಯ ಭಾಗ ಈಗ ಕಪಾಟಿನಲ್ಲಿರಲಿ. ಹಿಂದಿನ ವರ್ಷದ ಹುಡುಗರಿಂದ ಹಳೆಯ ಪಠ್ಯ ಸಿಕ್ಕರೆ ಇನ್ನೂ ಒಳ್ಳೆಯದು, ಒಂದು ಸೆಟ್ಟು ಶಾಲೆಯಲ್ಲಿ, ಒಂದು ಮನೆಯಲ್ಲಿ. ಪೆನ್ನು, ಸ್ಕೇಲು, ರಬ್ಬರುಗಳ ಇನ್ನೊಂದು ಜೊತೆ ಮುಖ್ಯಾಧ್ಯಾಪಕರ ಕೋಣೆಯ ಡಬ್ಬಿಯಲ್ಲಿ ಇರಲಿ. ‘ಹೀಗೆ ಮಾಡಿದರೆ ಅವನು ಜವಾಬ್ದಾರಿ ಕಲಿಯುವುದು ಯಾವಾಗ’ ಎಂದು ಕೇಳುವ ಮಾಸ್ತರರು ಇದ್ದೇ ಇರುತ್ತಾರೆ. ಪೆನ್ನಿಲ್ಲದೆ ನಲವತ್ತು ನಿಮಿಷ ಸುಮ್ಮನೆ ಕುಳಿತ ಹುಡುಗ ಜವಾಬ್ದಾರಿಯನ್ನಂತೂ ಕಲಿಯಲಿಲ್ಲ, ಭಿನ್ನರಾಶಿಯನ್ನೂ ಕಲಿಯಲಿಲ್ಲ.

ವೇಳಾಪಟ್ಟಿ ಇನ್ನೊಂದು ತಲೆನೋವು. ಆರು ದಿನ ಕೆಳಗೆ, ಏಳೆಂಟು ಪೀರಿಯಡ್ಡು ಅಡ್ಡಕ್ಕೆ, ಮಧ್ಯೆ ಸಣ್ಣ ಅಕ್ಷರ. ಅಡ್ಡ ಸಾಲನ್ನು ಬಿಡದೆ ಹಿಡಿದು ಹೋಗುವುದೇ ಈ ಮಗುವಿಗೆ ಕಷ್ಟ. ಗುರುವಾರದಿಂದ ಹೊರಟ ಕಣ್ಣು ಅರ್ಧದಲ್ಲಿ ಶುಕ್ರವಾರಕ್ಕೆ ಜಾರಿರುತ್ತದೆ. ಅದನ್ನು ಕತ್ತರಿಸಿ. ದಿನಕ್ಕೊಂದು ಚೀಟಿ ಮಾಡಿ, ಮೇಲಿನಿಂದ ಕೆಳಕ್ಕೆ ವಿಷಯಗಳು, ಪಕ್ಕದಲ್ಲಿ ಟೇಪಿನದೇ ಬಣ್ಣ. ಕೊನೆಯಲ್ಲಿ ಆ ದಿನದ ವಿಶೇಷ: ಆಟದ ಬಟ್ಟೆ, ಗ್ರಂಥಾಲಯದ ಪುಸ್ತಕ. ಆರು ಚೀಟಿಗಳನ್ನು ಒಂದರ ಮೇಲೊಂದು ಇಟ್ಟು, ಚೀಲ ಇಡುವ ಜಾಗದ ಗೋಡೆಗೆ ಸಿಕ್ಕಿಸಿ. ರಾತ್ರಿ ನಾಳೆಯ ಚೀಟಿ ಮೇಲೆ ಬರಬೇಕು. ಅಂಗಡಿಯಲ್ಲಿ ಸಿಗುವ ಬಣ್ಣಬಣ್ಣದ ಪ್ಲ್ಯಾನರುಗಳಿಗೆ ಹಣ ಸುರಿಯಬೇಡಿ ಎಂದು ನನ್ನ ಸಲಹೆ. ಅದನ್ನು ತುಂಬುವುದು ಇನ್ನೊಂದು ಮನೆಗೆಲಸವಾಗುತ್ತದೆ, ಹದಿನೈದು ದಿನದಲ್ಲಿ ಅದೇ ಕಳೆದುಹೋಗುತ್ತದೆ.

ಚೀಲ ತುಂಬುವುದು ರಾತ್ರಿ ಊಟಕ್ಕೆ ಮೊದಲು. ಊಟವಾದ ಮೇಲೆ ಕೈ ಸೋತಿರುತ್ತದೆ, ನಿಮ್ಮ ತಾಳ್ಮೆಯೂ ಸೋತಿರುತ್ತದೆ. ಬಟ್ಟೆಯನ್ನು ತೊಡುವ ಅನುಕ್ರಮದಲ್ಲಿ ಜೋಡಿಸಿಡಿ, ಬನಿಯನ್ನು ಎಲ್ಲಕ್ಕಿಂತ ಮೇಲೆ. ಬೆಳಗಿನ ಹೊತ್ತು ‘ಹತ್ತು ನಿಮಿಷದಲ್ಲಿ ತಯಾರಾಗು’ ಎಂಬ ಮಾತಿಗೆ ಇವರಲ್ಲಿ ಅರ್ಥವೇ ಇರುವುದಿಲ್ಲ. ಹತ್ತು ನಿಮಿಷ ಎಂದರೆ ಎಷ್ಟು ಎಂಬ ಅಂದಾಜು ಒಳಗಿನಿಂದ ಹುಟ್ಟುವುದಿಲ್ಲ. ರೇಡಿಯೊ ಹಾಕುವ ಮನೆಗಳಲ್ಲಿ ನಾನು ಕಂಡ ಉಪಾಯ ಚೆನ್ನಾಗಿದೆ: ವಾರ್ತೆ ಶುರುವಾಗುವಾಗ ಸ್ನಾನದ ಮನೆಯಿಂದ ಹೊರಗೆ, ವಾರ್ತೆ ಮುಗಿಯುವಾಗ ದೋಸೆಯ ಮುಂದೆ. ಕಿವಿಗೆ ಬೀಳುವ ಗುರುತಿಗೆ ಗಡಿಯಾರ ಓದುವ ಶ್ರಮ ಬೇಡ.

ನಮ್ಮ ಮಳೆಗಾಲವನ್ನು ಬಿಟ್ಟು ಶಿರಸಿಯಲ್ಲಿ ಶಾಲೆಯ ಮಾತಾಡಲು ಬರುವುದಿಲ್ಲ. ಕೊಡೆ ಎಂಬುದು ಈ ಮಕ್ಕಳ ವೈರಿ. ಬಸ್ಸು ಬಂದಾಗ ಒಂದು ಕೈಯಲ್ಲಿ ಕೊಡೆ ಮಡಚಬೇಕು, ಇನ್ನೊಂದರಲ್ಲಿ ಸರಳು ಹಿಡಿಯಬೇಕು, ಬೆನ್ನಿನ ಚೀಲ ಹಿಂದಕ್ಕೆ ಎಳೆಯುತ್ತಿರುತ್ತದೆ, ಹಿಂದಿನಿಂದ ‘ಬೇಗ ಹತ್ತು’ ಎಂಬ ಕೂಗು. ಚೀಲವನ್ನೂ ಮುಚ್ಚುವಷ್ಟು ದೊಡ್ಡ ರೇನ್‌ಕೋಟು ಕೊಡಿಸಿ, ಸಣ್ಣ ಗುಂಡಿಯದು ಬೇಡ, ಒತ್ತಿದರೆ ಅಂಟಿಕೊಳ್ಳುವ ಪಟ್ಟಿಯದಿರಲಿ. ಚೀಲದ ಒಳಗೆ ದಪ್ಪ ಪ್ಲಾಸ್ಟಿಕ್ಕಿನ ಇನ್ನೊಂದು ಚೀಲ. ಲೇಸಿನ ಶೂಗಳನ್ನು ಮಳೆಗಾಲ ಮುಗಿಯುವವರೆಗೂ ಅಟ್ಟಕ್ಕೆ ಹಾಕಿ. ಮುಗಿದ ಮೇಲೂ ಅಂಟುಪಟ್ಟಿಯ ಶೂ ಸಾಕು. ಶಿಕ್ಷಕರಿಗೆ ಒಂದು ಮನವಿ: ರಿಬ್ಬನ್ ಕಟ್ಟಿದ ಎರಡು ಜಡೆ ಎಂಬ ನಿಯಮವನ್ನು ಈ ಹುಡುಗಿಯರಿಗೆ ಸಡಿಲಿಸಿ. ತಲೆಯ ಹಿಂದೆ ಕಣ್ಣಿಗೆ ಕಾಣದ ಜಾಗದಲ್ಲಿ ಬೆರಳು ಆಡಿಸುವುದಕ್ಕಿಂತ ಕಷ್ಟದ ಕೆಲಸ ಅವರಿಗೆ ಇನ್ನೊಂದಿಲ್ಲ. ಹುಡುಗಿಯರ ಬಗ್ಗೆ ಹೇಳುವಾಗ ಇದನ್ನೂ ಹೇಳಬೇಕು: ಗಲಾಟೆ ಮಾಡದೆ ಮೂಲೆಯಲ್ಲಿ ಕೂರುವುದರಿಂದ ಅವರ ತೊಂದರೆ ನಮ್ಮ ಗಮನಕ್ಕೇ ಬರುವುದಿಲ್ಲ. ಮುಟ್ಟಿನ ದಿನಗಳಿಗೆ ಬೇಕಾದ್ದನ್ನು ಒಂದು ಪುಟ್ಟ ಚೀಲದಲ್ಲಿ ಹಾಕಿ ವರ್ಷವಿಡೀ ಪಾಟಿಚೀಲದಲ್ಲೇ ಇಡಿ, ಪ್ಯಾಡನ್ನು ಬದಲಿಸುವ ಕ್ರಮವನ್ನು ಮನೆಯಲ್ಲಿ ಗಡಿಬಿಡಿಯಿಲ್ಲದಾಗ ಕಲಿಸಿ.

ಶಾಲೆಯೊಳಗಿನ ಅತಿ ದೊಡ್ಡ ಸೋರಿಕೆ ಮನೆಗೆಲಸ ಬರೆದುಕೊಳ್ಳುವ ಹೊತ್ತಿನಲ್ಲಿ ಆಗುತ್ತದೆ. ಪೀರಿಯಡ್ಡಿನ ಕೊನೆಯಲ್ಲಿ, ಗಂಟೆ ಹೊಡೆದ ಮೇಲೆ, ಬಾಗಿಲ ಕಡೆ ಹೆಜ್ಜೆ ಹಾಕುತ್ತ ನಾವು ಹೇಳುತ್ತೇವೆ: ‘ಪುಟ ನಲವತ್ತೆರಡು, ಮೂರರಿಂದ ಏಳು, ಐದು ಬಿಟ್ಟು’. ನಿಧಾನವಾಗಿ ಬರೆಯುವ ಮಗು ‘ಪುಟ ನಲವ’ ಎಂಬಲ್ಲಿಗೆ ನಿಲ್ಲುತ್ತದೆ. ರಾತ್ರಿ ಆಯಿ ಆ ಪಟ್ಟಿ ತೆರೆದು ‘ಇದು ಏನು’ ಎಂದರೆ ಬರೆದವನಿಗೂ ತಿಳಿಯುವುದಿಲ್ಲ. ಮನೆಗೆಲಸವನ್ನು ಪೀರಿಯಡ್ಡಿನ ಆರಂಭದಲ್ಲೇ ಹಲಗೆಯ ಬಲಮೂಲೆಯಲ್ಲಿ ಬರೆದು, ಕೊನೆಯವರೆಗೂ ಅಳಿಸದೆ ಬಿಡಿ. ಎಲ್ಲ ಶಿಕ್ಷಕರೂ ಅದೇ ಮೂಲೆ. ಇದಕ್ಕೆ ಖರ್ಚಿಲ್ಲ, ನಲವತ್ತು ಮಕ್ಕಳಿಗೂ ಅನುಕೂಲ. ಪಾಲಕರ ವಾಟ್ಸ್ಯಾಪ್ ಗುಂಪಿಗೆ ಫೋಟೊ ಹಾಕುವುದಾದರೆ ಸಂಜೆ ಐದರೊಳಗೆ ಹಾಕಿ. ರಾತ್ರಿ ಒಂಬತ್ತೂವರೆಗೆ ಬರುವ ‘ನಾಳೆ ಚಾರ್ಟು ತರಬೇಕು’ ಎಂಬ ಸಂದೇಶದಿಂದ ಮನೆಮಂದಿಯ ನಿದ್ದೆ ಹಾಳಾಗುವುದಷ್ಟೇ ಲಾಭ.

ರೇಖಾಗಣಿತದಲ್ಲಿ ಕೈವಾರ ಜಾರುವ ಮಕ್ಕಳಿಗೆ ಕಾಗದದ ಕೆಳಗೆ ರಬ್ಬರ್ ಹಾಳೆ ಇಡಿ, ಭಾರವಾದ ಸ್ಕೇಲು ಕೊಡಿ. ಪ್ರಯೋಗಾಲಯದಲ್ಲಿ ಜೋಡಿ ಮಾಡಿ, ಆದರೆ ವರ್ಷವಿಡೀ ‘ನೀನು ನೋಡುತ್ತಿರು, ಅವನು ಮಾಡುತ್ತಾನೆ’ ಎನ್ನಬೇಡಿ. ಬಿಸಿಯೂಟದ ಸಾಲಿನಲ್ಲಿ ತುಂಬಿದ ತಟ್ಟೆ ಹಿಡಿದು ದೂರ ನಡೆಯಬೇಕಾಗದಂತೆ ಬಡಿಸುವ ಜಾಗದ ಹತ್ತಿರ ಕೂರಿಸಿ. ಸಾರು ಚೆಲ್ಲಿದಾಗ ಏಳುವ ನಗು ಬಹಳ ದಿನ ಉಳಿಯುತ್ತದೆ.

ಈಗ ಕಲಿಸುವ ಬಗೆ. ಎಲ್ಲವನ್ನೂ ನಾವೇ ಜೋಡಿಸಿಕೊಡುತ್ತ ಹೋದರೆ ಹತ್ತನೆಯ ತರಗತಿಯಾದ ಮೇಲೆ ಹುಬ್ಬಳ್ಳಿಯದೋ ಧಾರವಾಡದ್ದೋ ಹಾಸ್ಟೆಲಿನಲ್ಲಿ ಮಗು ಒಂಟಿಯಾಗುತ್ತದೆ. ಕೆನಡಾದ ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಲು ಕಲಿಸುವ ಚಿಕಿತ್ಸೆ) ತಜ್ಞರು ರೂಪಿಸಿದ ಕೋ-ಆಪ್ ಎಂಬ ವಿಧಾನವಿದೆ. ಅದರ ತಿರುಳು ನಾಲ್ಕು ಹಂತ: ಗುರಿ ಇಟ್ಟುಕೊಳ್ಳುವುದು, ಯೋಜನೆ ಹಾಕುವುದು, ಮಾಡುವುದು, ಸರಿಯಾಯಿತೇ ಎಂದು ನೋಡುವುದು. ಗುರಿಯನ್ನು ಆರಿಸುವುದು ಮಗುವೇ, ಯೋಜನೆ ಹೇಳುವುದೂ ಮಗುವೇ. ದೊಡ್ಡವರ ಕೆಲಸ ಪ್ರಶ್ನೆ ಕೇಳುವುದು. ನಮ್ಮ ಪರಿಚಯದ ಮನೆಯ ಕೂಸೊಂದು ಊಟದ ಡಬ್ಬಿಯ ಮುಚ್ಚಳ ತೆಗೆಯಲಾರದೆ ದಿನವೂ ಹಸಿದು ಬರುತ್ತಿತ್ತು. ಆಯಿ ಒಂದು ಭಾನುವಾರ ಖಾಲಿ ಡಬ್ಬಿ ಮುಂದಿಟ್ಟು ಕೇಳಿದರು.

‘ಎಲ್ಲಿ ತಪ್ಪುತ್ತಿದೆ, ಹೇಳು ನೋಡೋಣ.’

‘ಡಬ್ಬಿಯೇ ತಿರುಗುತ್ತದೆ, ಆಯಿ.’

‘ಹಾಗಾದರೆ ಅದು ತಿರುಗದಂತೆ ಎಲ್ಲಿಡುತ್ತೀಯೆ?’

ಕೂಸು ಯೋಚಿಸಿ ಡಬ್ಬಿಯನ್ನು ಮೊಣಕಾಲುಗಳ ನಡುವೆ ಒತ್ತಿಹಿಡಿದು, ಕರವಸ್ತ್ರದಿಂದ ಮುಚ್ಚಳ ತಿರುಗಿಸಿತು. ನಾನಾಗಿದ್ದರೆ ಸಡಿಲ ಮುಚ್ಚಳದ ಬೇರೆ ಡಬ್ಬಿ ಕೊಡಿಸಿ ಮುಗಿಸುತ್ತಿದ್ದೆ, ಅದೂ ತಪ್ಪೇನಲ್ಲ. ಆದರೆ ಉಪಾಯ ತನ್ನದೇ ಆದಾಗ ಅದು ಮರೆಯುವುದು ಕಡಿಮೆ. ಒಂದು ಅವಧಿಗೆ ಒಂದೋ ಎರಡೋ ಕೆಲಸ ಹೀಗೆ ಕಲಿಸಿ. ಚೀಲ ತುಂಬುವುದನ್ನು ಮೊದಲು ಜೊತೆಗೆ ಮಾಡಿ, ಆಮೇಲೆ ಪಕ್ಕದಲ್ಲಿ ಕುಳಿತು ನೋಡಿ, ಆಮೇಲೆ ಬಾಗಿಲಲ್ಲಿ ‘ಚೀಟಿ ನೋಡಿದೆಯಾ’ ಎಂದಷ್ಟೇ ಕೇಳಿ. ಪರೀಕ್ಷೆಯ ವಾರದಲ್ಲಿ ಹಳೆಯ ತಪ್ಪುಗಳು ಮರಳುತ್ತವೆ, ಆಗ ಮತ್ತೆ ಪಕ್ಕದಲ್ಲಿ ಕುಳಿತುಕೊಳ್ಳಿ.

ಕಾನೂನಿನ ವಿಷಯ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳಿವೆ. ಅವುಗಳಲ್ಲಿ ಒಂದಾದ ನಿರ್ದಿಷ್ಟ ಕಲಿಕಾ ನ್ಯೂನತೆಯ ವಿವರಣೆಯಲ್ಲಿ ಡಿಸ್‌ಪ್ರಾಕ್ಸಿಯಾದ ಹೆಸರು ಸ್ಪಷ್ಟವಾಗಿ ಇದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿಯಂತಹ ಮಾರ್ಪಾಡುಗಳನ್ನು ಅದೇ ಕಾಯ್ದೆಯ 17ನೆಯ ಕಲಂ ಹೇಳುತ್ತದೆ. ತೊಡಕು ಇರುವುದು ನ್ಯೂನತೆಯ ಪ್ರಮಾಣಪತ್ರ ಪಡೆಯುವುದರಲ್ಲಿ. ಅದಕ್ಕಾಗಿ ಮಾಡುವ ಪರೀಕ್ಷೆ ಮುಖ್ಯವಾಗಿ ಓದು, ಬರಹ, ಲೆಕ್ಕವನ್ನು ಅಳೆಯುತ್ತದೆ. ಕೈಯ ಹೊಂದಾಣಿಕೆಯ ತೊಂದರೆಯಷ್ಟೇ ಇರುವ ಮಗುವಿಗೆ ಆ ಪತ್ರ ಸಿಗದೆ ಹೋಗಬಹುದು. ಆದ್ದರಿಂದ ಬರವಣಿಗೆಯ ವೇಗ, ಒಂದು ಪುಟಕ್ಕೆ ಹಿಡಿಯುವ ಸಮಯ, ಹಳೆಯ ಪಟ್ಟಿಗಳು ಇವನ್ನೆಲ್ಲ ಎಂಟನೆಯ ತರಗತಿಯಿಂದಲೇ ಎತ್ತಿಡಿ, ತೋರಿಸಲು ಬೇಕಾಗುತ್ತವೆ.

ಸಭೆಯಲ್ಲಿ ಬಂದ ಪ್ರಶ್ನೆಗಳು.

ಸಿದ್ದಾಪುರದ ಕಡೆಯ ತಂದೆಯೊಬ್ಬರು, ಮೊದಲು ಯಾರ ಬಳಿ ಹೋಗಬೇಕು ಎಂದರು. ಮಕ್ಕಳ ವೈದ್ಯರಲ್ಲಿಗೆ. ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೂ ಹೇಳಬಹುದು, 18 ವರ್ಷದವರೆಗಿನ ಮಕ್ಕಳು ಅದರ ವ್ಯಾಪ್ತಿಯಲ್ಲಿದ್ದಾರೆ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಅವರನ್ನು ಮುಖ್ಯಾಧ್ಯಾಪಕರ ಮೂಲಕ ಕರೆಸಿಕೊಳ್ಳಿ. ಆಕ್ಯುಪೇಷನಲ್ ಥೆರಪಿಗೆ ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಕರಾವಳಿಯವರು ಮಣಿಪಾಲದ ಕಡೆಗೆ ಹೋಗಬೇಕಾಗುವುದೇ ಹೆಚ್ಚು. ವಾರವಾರ ಹೋಗಿಬರುವುದು ಆಗದ ಮಾತು. ಹೋದಾಗ ಮನೆಯಲ್ಲಿ ಮಾಡಿಸಬೇಕಾದ್ದನ್ನು ಬರೆಸಿಕೊಂಡು, ಒಪ್ಪಿದರೆ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಬನ್ನಿ.

ಆಟದ ಬಗ್ಗೆ ದೈಹಿಕ ಶಿಕ್ಷಕರೊಬ್ಬರು ಕೇಳಿದರು: ಖೋ-ಖೋದಲ್ಲಿ ಯಾರೂ ಅವನನ್ನು ತಂಡಕ್ಕೆ ಕರೆಯುವುದಿಲ್ಲ, ಅಂಕ ಬರೆಯಲು ಕೂರಿಸಲೇ? ಒಂದು ದಿನ ಕೂರಿಸಿ, ವರ್ಷವಿಡೀ ಬೇಡ. ತಂಡ ಆರಿಸುವ ಕೆಲಸವನ್ನು ನಾಯಕರಿಗೆ ಬಿಡದೆ ನೀವೇ ಮಾಡಿ. ಓಟ, ಈಜು, ಸೈಕಲ್ಲಿನಂತೆ ತನ್ನ ವೇಗಕ್ಕೆ ತಾನು ಅಭ್ಯಾಸ ಮಾಡಬಹುದಾದ ಆಟಗಳನ್ನು ಹಚ್ಚಿ.

ಮೊಬೈಲಿನಲ್ಲಿ ಅಲಾರಂ ಇಟ್ಟುಕೊಡಬಹುದೇ ಎಂದು ತಾಯಿಯೊಬ್ಬರು ಕೇಳಿದರು. ಶಾಲೆಗೆ ಮೊಬೈಲು ತರುವಂತಿಲ್ಲ, ಮನೆಯಲ್ಲಿ ಅದು ಕೈಗೆ ಸಿಕ್ಕರೆ ಅಲಾರಂ ಒಂದನ್ನು ಬಿಟ್ಟು ಉಳಿದದ್ದೆಲ್ಲ ನಡೆಯುತ್ತದೆ. ಅಲಾರಂ ಇರುವ ಸಾದಾ ಡಿಜಿಟಲ್ ಕೈಗಡಿಯಾರ ಕೊಡಿಸಿ. ಬಕಲು ಹಾಕಲು ಬರದಿದ್ದರೆ ಹಿಗ್ಗುವ ಪಟ್ಟಿಯದು ಕೇಳಿ ತನ್ನಿ. ಅಲಾರಂ ಎರಡಕ್ಕಿಂತ ಹೆಚ್ಚು ಬೇಡ, ಒಂದು ಬಸ್ಸಿಗೆ, ಒಂದು ಸಂಜೆ ಚೀಲ ತುಂಬುವುದಕ್ಕೆ.